ಬೋಳುಗುಡ್ಡಕ್ಕೆ ಕಟ್ಟಿದ ಗಂಟು

ಒಣಗಿದ ಕರಡ ಹುಲ್ಲು ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತದೆ. ಹೊಸ ಚಾಪೆಯ ವಾಸನೆಗೆ ಹತ್ತಿರ, ಆದರೆ ಅದರೊಳಗೆ ಹುರಿದ ಹಿಟ್ಟಿನಂಥ ಒಂದು ಸಿಹಿ ಇರುತ್ತದೆ. ಮೊನ್ನೆ ಚಳ್ಳಕೆರೆಯ ತವರಿನಿಂದ ಮೊಳಕಾಲ್ಮೂರಿಗೆ ವಾಪಸ್ಸು ಬರುವಾಗ, ಬಿ.ಜಿ. ಕೆರೆ ಕಳೆದ ಮೇಲೆ ಬಸ್ಸು ಪಂಚರ್ ಆಗಿ ನಮ್ಮ ಹಳೆಯ ಊರಿನ ಕ್ರಾಸಿನಲ್ಲೇ ನಿಂತಿತು. ಎಲ್ಲರೂ ಡ್ರೈವರನ್ನು ಬೈಯುತ್ತಾ ಇಳಿದರು. ನಾನು ಇಳಿದವಳು ಅಲ್ಲೇ ನಿಂತುಬಿಟ್ಟೆ. ಗಾಳಿ ಗುಡ್ಡದ ಕಡೆಯಿಂದ ಬೀಸುತ್ತಿತ್ತು, ಆ ವಾಸನೆ ಹೊತ್ತು ತಂದಿತ್ತು. ಎಲ್ಲಿ ಬೇಕಾದರೂ ನಿಲ್ಲಬಹುದಾಗಿದ್ದ ಬಸ್ಸು ಇಲ್ಲೇ ನಿಂತಿದೆ ಎಂದರೆ ಶಿವ ಏನೋ ನೆನಪು ಮಾಡುತ್ತಿದ್ದಾನೆ ಎಂದುಕೊಂಡೆ. ಬ್ಯಾಗನ್ನು ಕಂಡಕ್ಟರ್ ಸೀಟಿನ ಹತ್ತಿರ ಬಿಟ್ಟು ಗುಡ್ಡದ ಕಡೆ ನಡೆದೆ.

ಅದಕ್ಕೆ ಇಂದಿಗೂ ಬೋಳುಗುಡ್ಡ ಎಂದೇ ಹೆಸರು. ಹೆಸರಷ್ಟೇ ಬೋಳು, ಮೈತುಂಬ ಮರ. ಕಮರ, ತುಗ್ಗಲಿ, ಕಕ್ಕೆ, ಬನ್ನಿ, ನಡುನಡುವೆ ಬಿಲ್ವಪತ್ರೆ. ಬುಡದಲ್ಲಿ ಕಾಲೇಜಿನ ಮಕ್ಕಳ ಗುಂಪೊಂದು ನಿಂತಿತ್ತು. ಊರಿನ ಅರಣ್ಯ ಸಮಿತಿಯ ಯುವಕನೊಬ್ಬ ಅವರಿಗೆ ವಿವರಿಸುತ್ತಿದ್ದ. ಈ ಕಾಡು ಗಾಳಿಯಲ್ಲಿನ ಇಂಗಾಲವನ್ನು ಹಿಡಿದಿಡುತ್ತದೆ, ಇಲ್ಲಿ ಇಂತಿಂಥ ಹಕ್ಕಿಗಳು ಮರಳಿ ಬಂದಿವೆ ಎಂದೆಲ್ಲ ಹೇಳಿದ. ಆಮೇಲೆ ಹೆಮ್ಮೆಯಿಂದ, "ನೋಡಿ, ಇದಕ್ಕೆ ಬೇಲಿ ಇಲ್ಲ. ದೇವರ ಆಣೆಯೇ ಬೇಲಿ. ಅವತ್ತಿನಿಂದ ಇವತ್ತಿನವರೆಗೆ ಈ ಗುಡ್ಡದ ಮೇಲೆ ಒಂದು ಕುಡುಗೋಲು ಆಡಿಲ್ಲ" ಎಂದ.

ಆಡಿತ್ತು. ಒಂದು ಬೇಸಿಗೆ ಆಡಿತ್ತು. ಆಡಿಸಿದವಳ ಹೆಸರು ಪಾಲಕ್ಕ.

ನಾನು ಆ ಊರಿಗೆ ಸೊಸೆಯಾಗಿ ಹೋದಾಗ ಗುಡ್ಡ ನಿಜವಾಗಿಯೂ ಬೋಳಾಗಿತ್ತು. ನಮ್ಮ ಅತ್ತೆ ಮದುವೆಯಾಗಿ ಬಂದಾಗ ಅಲ್ಲಿ ಕಮರದ ಕಾಡಿತ್ತಂತೆ, ಕರಡಿಯ ಭಯಕ್ಕೆ ಹಗಲಲ್ಲೂ ಒಬ್ಬರೇ ಹೋಗುತ್ತಿರಲಿಲ್ಲವಂತೆ. ಆಮೇಲೆ ಸುಣ್ಣದ ಗೂಡಿಗೆ, ಇಟ್ಟಿಗೆ ಭಟ್ಟಿಗೆ, ಮದುವೆ ಮನೆಯ ಒಲೆಗೆ, ನಮ್ಮ ನಿಮ್ಮ ಮನೆಯ ಒಲೆಗೆ ಹೋಗಿ ಹೋಗಿ ಕಾಡು ಮುಗಿಯಿತು. ಒಬ್ಬರು ಕಡಿದದ್ದಲ್ಲ, ಎಲ್ಲರೂ ಕಡಿದದ್ದು. ಬುಡದ ಸುತ್ತ ಬಳ್ಳಾರಿ ಜಾಲಿ ಹಬ್ಬಿಕೊಂಡಿತ್ತು. ಮೇಲೆ ಬರೀ ಬಂಡೆ, ನಡುವೆ ದನ ಮೇದು ಮೇದು ಸವೆದ ಮಣ್ಣು. ಬೇಸಿಗೆಯಲ್ಲಿ ಗುಡ್ಡದ ಕಡೆಯಿಂದ ಬರುವ ಗಾಳಿ ರೊಟ್ಟಿ ಹೆಂಚಿನ ಮೇಲಿಂದ ಎದ್ದು ಬಂದ ಹಾಗೆ ಮುಖಕ್ಕೆ ಬಡಿಯುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು ಒಂದು ಸ್ವಯಂಸೇವಾ ಸಂಸ್ಥೆಯವರು ಊರಿಗೆ ಬಂದರು. ಅವರಲ್ಲೊಬ್ಬರಿಗೆ ಕನ್ನಡಕವಿತ್ತು, ಬಿಡಿಸಿ ಬಿಡಿಸಿ ಹೇಳುತ್ತಿದ್ದರು, ಹಾಗಾಗಿ ಊರು ಅವರನ್ನು ಮೇಷ್ಟ್ರು ಎಂದೇ ಕರೆಯಿತು. ಬಸವಣ್ಣನ ಗುಡಿಯ ಜಗಲಿಯಲ್ಲಿ ನಮ್ಮನ್ನೆಲ್ಲ ಕೂರಿಸಿ, ನೀಲಗಿರಿ ಬೇಡ, ನಿಮ್ಮ ಹಿರಿಯರು ಕಂಡಿದ್ದ ಮರಗಳನ್ನೇ ಬೆಳೆಸಿ ಎಂದರು.

"ಮರ ಹೊಗೆ ಉಂಡು ಬೆಳೀತದೆ. ಲಾರಿ ಹೊಗೆ, ಮಿಲ್ಲಿನ ಹೊಗೆ ಎಲ್ಲಾನೂ ತನ್ನ ಕಟ್ಟಿಗೆಯೊಳಗೆ ಬಚ್ಚಿಟ್ಕೊಳ್ತದೆ. ನಿಮ್ಮೂರ ಹೊಗೆ ನಿಮ್ಮೂರ ಗುಡ್ಡದಾಗೇ ಅಡಗ್ತದೆ" ಎಂದರು.

ಕಂಬದ ಹಿಂದಿನಿಂದ ಒಬ್ಬ ಹೆಂಗಸು, "ಅಂಗಾರೆ ಗಿರಿಜವ್ವನ ತವರುಮನೆ ಹೊಗೆಗೇ ನಮ್ ಗುಡ್ಡ ಸಾಲಲ್ಲ ಬಿಡ್ರಿ. ಚಳ್ಳಕೆರೆ ಎಣ್ಣೆ ಮಿಲ್ಲಿನೋರು ಅವರು" ಎಂದಳು. ಜಗಲಿ ತುಂಬ ನಗು. ನನ್ನ ಅಪ್ಪ ಮಿಲ್ಲಿನ ಮಾಲೀಕರೇನಲ್ಲ, ಅಲ್ಲಿ ಗುಮಾಸ್ತರಾಗಿದ್ದವರು. ಆದರೂ ಊರಿಗೆ ನಾನು ಮಿಲ್ಲಿನವರ ಮಗಳೇ.

ಆ ಹೆಂಗಸೇ ಪಾಲಕ್ಕ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿಲ್ಲ. ಊರಿಗೆ ಅಂಟಿಕೊಂಡಿದ್ದ ನಾಯಕರ ಹಟ್ಟಿಯಲ್ಲಿ ತಮ್ಮ ಓಬಣ್ಣನ ಮನೆ ಸೇರಿದ್ದಳು. ಓಬಣ್ಣ ಅವರ ಹಟ್ಟಿಯ ಕಿಲಾರಿ, ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಕ್ಕೆ ನೊಗ ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ, ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡಬೇಕು. ಹಟ್ಟಿಯ ಗುಡಿಯ ಗಂಟೆ ಕೇಳಿಸುವಷ್ಟು ದೂರದಾಚೆಗೆ ಅವನ್ನು ಹೊಡೆದುಕೊಂಡು ಹೋಗಬಾರದೆಂಬುದು ಆ ಹಟ್ಟಿಯ ನೇಮ. ಓಬಣ್ಣ ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದಳು.

ಆ ವರ್ಷ ನಾವು ಹೆಂಗಸರು ಬೀಜಕ್ಕಾಗಿ ಅಲೆದೆವು. ಹಳೇ ಗುಡಿಗಳ ಹಿಂದೆ, ಹಳ್ಳದ ದಂಡೆಯಲ್ಲಿ, ದನ ಮೇಯುವ ಕಾವಲಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದ ಮರಗಳ ಕೆಳಗೆ ಸೆರಗು ಒಡ್ಡಿ ಆರಿಸಿದೆವು. ಬೀಜವನ್ನು ಸಗಣಿ ನೀರಿನಲ್ಲಿ ನೆನೆಹಾಕಬೇಕಿತ್ತು. ಆ ಸಗಣಿ ಬಂದದ್ದು ಓಬಣ್ಣ ದನ ಕೂಡುವ ರೊಪ್ಪದಿಂದ. "ದೇವರ ದನದ್ದು. ಮಾರಂಗಿಲ್ಲ, ಕೊಡಬೌದು" ಎಂದು ಪಾಲಕ್ಕ ಪುಟ್ಟಿಗಟ್ಟಲೆ ಹೊತ್ತು ತಂದು ನಮ್ಮ ಹಿತ್ತಿಲಿಗೆ ಸುರಿದಳು. ನಮ್ಮ ಬಚ್ಚಲ ನೀರು ಹರಿಯುವ ಕಡೆ ಬೀಜ ಊರಿದ ಮಣ್ಣಿನ ಪ್ಯಾಕೆಟ್ಟುಗಳ ಸಾಲು. ದಿನಾ ಲಿಂಗಪೂಜೆ ಮುಗಿಸಿ, ಮೊಳಕೆ ಬಂತೇನೋ ಎಂದು ಬಗ್ಗಿ ನೋಡುವುದು ನನಗೆ ಎರಡನೇ ಪೂಜೆಯಾಗಿತ್ತು. ಕಮರದ ಎಲೆ ಹುಟ್ಟುವಾಗ ಚಿಟ್ಟೆ ರೆಕ್ಕೆ ಮಡಚಿ ಕೂತ ಹಾಗೆ ಕಾಣುತ್ತದೆ. ಅದನ್ನು ನೋಡುವ ಭಾಗ್ಯವನ್ನು ದೇವರು ಕೊಟ್ಟನಲ್ಲ, ಅಷ್ಟು ಸಾಕು ಎನಿಸುತ್ತಿತ್ತು.

ಗಿಡ ನೆಟ್ಟರೆ ಸಾಲದು, ಕಾಯಬೇಕಲ್ಲ. ಇಡೀ ಗುಡ್ಡಕ್ಕೆ ಮುಳ್ಳುಬೇಲಿ ಹಾಕುವುದು ಆಗದ ಕೆಲಸ. ಆಡು ಕುರಿಗಳಿಗೆ ಸಮಿತಿಯ ಮಾತು ಅರ್ಥವಾಗುವುದಿಲ್ಲ, ಅವುಗಳ ಯಜಮಾನರಿಗೂ ಅಷ್ಟೆ. ಆಗ ಊರವರಿಗೆ ಹೊಳೆದದ್ದು ಆಣೆ ಕಟ್ಟುವುದು. ನಮ್ಮೂರಿನ ಸಣ್ಣ ಮಠದಲ್ಲಿ ವಯಸ್ಸಾದ ಅಯ್ಯನವರೊಬ್ಬರಿದ್ದರು. ಮದುವೆಯಾಗದವರು, ಶಿಷ್ಯರಿಲ್ಲದವರು. ಅವರು ಕಟ್ಟಿದರೆ ಹಟ್ಟಿಯವರೂ ಒಪ್ಪುತ್ತಿದ್ದರು, ಊರವರೂ ಒಪ್ಪುತ್ತಿದ್ದರು.

ಗಿಡ ನೆಟ್ಟು ಮುಗಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಅಯ್ಯನವರು ವಿಭೂತಿ ಕಲಸಿದ ನೀರನ್ನು ಚಿಮುಕಿಸುತ್ತಾ ಗುಡ್ಡವನ್ನು ಬುಡದಲ್ಲೇ ಸುತ್ತಿ ಬಂದರು. ಹಿಂದೆ ಊರಿಗೆ ಊರೇ. ಸುತ್ತು ಮುಗಿದಲ್ಲಿ ಒಂದು ಗಡಿಕಲ್ಲಿತ್ತು. ಅದಕ್ಕೆ ಅರಿಶಿನ ದಾರದಲ್ಲಿ ಪತ್ರೆ ಕಟ್ಟಿ ಗಂಟು ಹಾಕಿದರು.

"ಈ ಗೆರೆ ದಾಟಿ ಗೊರಸು ತುಳೀಬಾರ್ದು, ಕಬ್ಬಿಣ ಆಡಬಾರ್ದು, ಕಡ್ಡಿ ಹುಲ್ಲೂ ಕೀಳಬಾರ್ದು. ಮೀರಿದೋರ ಒಲೆ ತಣ್ಣಗಾಗ್ಲಿ, ಮನೆ ದೀಪ ಆರ್ಲಿ."

ಒಬ್ಬೊಬ್ಬರೇ ಬಂದು ಕಲ್ಲು ಮುಟ್ಟಿದೆವು. ಓಬಣ್ಣ ಮಾತ್ರ ಕೈ ಹಿಂದಕ್ಕೆ ಇಟ್ಟುಕೊಂಡು ನಿಂತಿದ್ದ. ಅವನ ದನ ಮೊದಲಿಂದ ಮೇಯುತ್ತಿದ್ದದ್ದು ಆ ಗುಡ್ಡದ ಇಳಿಜಾರಿನಲ್ಲಿ.

"ದೇವರ ದನಕ್ಕೂನಾ ಅಯ್ನೋರೇ?" ಎಂದ.

"ಎಲ್ಲಾ ಗೊರಸಿಗೂ ಕಣಪ್ಪ. ಒಂದಕ್ಕೆ ಬಿಟ್ರೆ ಎಲ್ಲದಕ್ಕೂ ಬಿಟ್ಟಂಗೆ. ನಿನಗೆ ಕಾವಲು ಐತಲ್ಲ. ಮಳೆ ಕೈಕೊಟ್ಟ ವರ್ಷ ನಾನೇ ಬಂದು ಬಿಚ್ತೀನಿ, ಆಯ್ತಾ?"

ಓಬಣ್ಣ ಕಲ್ಲು ಮುಟ್ಟಿದ. ಕಟ್ಟಿದ ಕೈಯೇ ಬಿಚ್ಚಬೇಕು ಎಂಬುದು ಆಣೆಯ ಕಟ್ಟಳೆ. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಕೈಗೆ ಆಗಲೇ ಎಷ್ಟು ವಯಸ್ಸಾಗಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಆ ವರ್ಷದ ಮಳೆ ಬಂಗಾರದಂಥ ಮಳೆ. ಗಿಡಗಳು ಹತ್ತಿಕೊಂಡವು. ಗಿಡಕ್ಕಿಂತ ಮೊದಲು ಹುಲ್ಲು ಎದ್ದಿತು. ಎಷ್ಟೋ ವರ್ಷದಿಂದ ಬಾಯಿ ತಾಗದೆ ಇದ್ದ ನೆಲವಲ್ಲ ಅದು, ಪ್ರತಿ ವರ್ಷ ಬೇರಿನವರೆಗೆ ಮೇಯಿಸಿದ ನೆಲ. ಆದರೂ ಒಂದು ವರ್ಷ ಬಿಟ್ಟದ್ದಕ್ಕೇ ಕರಡ ಸೊಂಟದೆತ್ತರ ನಿಂತಿತು. ಮೊಲ ಬಂದವು, ಗೌಜಲಕ್ಕಿ ಬಂದವು. ಬೆಳಗಿನ ಹೊತ್ತು ನವಿಲಿನ ಕೂಗು ಕೇಳಿ ನಮ್ಮ ಅತ್ತೆ ಕಣ್ಣು ಒರೆಸಿಕೊಂಡರು. "ನಾನು ಮದುವಣಗಿತ್ತಿ ಆಗಿದ್ದಾಗ ಕೇಳಿದ್ದು ಕಣೆ" ಎಂದರು.

ಕಾರ್ತಿಕದಲ್ಲಿ ಅಯ್ಯನವರು ಲಿಂಗೈಕ್ಯರಾದರು. ನೋವಿಲ್ಲ, ನರಳಾಟವಿಲ್ಲ, ಬೆಳಗಿನ ಪೂಜೆಗೆ ಕೂತವರು ಹಾಗೇ ಒರಗಿದರು. ಅಂಥ ಸಾವು ಎಲ್ಲರಿಗೂ ಬರಲಿ ಎಂದು ಮಾತಾಡಿಕೊಂಡೆವು. ಮಠದ ಹಿಂದೆ ಕೂರಿಸಿ, ವಿಭೂತಿ ತುಂಬಿ ಮಣ್ಣು ಮಾಡುವಾಗ ನನ್ನ ಪಕ್ಕ ನಿಂತಿದ್ದ ಪಾಲಕ್ಕ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ಗುಡ್ಡದ ಗಂಟು ಬಿಚ್ದೇ ಹೋದ್ರಲ್ಲೇ ಗಿರಿಜವ್ವ."

"ಈಗ್ಯಾಕೆ ಬಿಚ್ಚಬೇಕು ಪಾಲಕ್ಕ? ಗಿಡ ಚೆನ್ನಾಗವೆ" ಎಂದೆ.

ಅವಳು ನನ್ನ ಕೈ ಬಿಟ್ಟು, ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು.

ಮುಂದಿನ ವರ್ಷ ರೋಹಿಣಿ ಹೋಯಿತು, ಮೃಗಶಿರ ಹೋಯಿತು, ಆರಿದ್ರ ನಾಲ್ಕು ಹನಿ ಉದುರಿಸಿ ಹೋಯಿತು. ಶೇಂಗಾ ಬೀಜ ಚೀಲದಲ್ಲೇ ಉಳಿಯಿತು. ಹಿಂಗಾರೂ ಬರಲಿಲ್ಲ. ಕುರಿಯವರು ಮಂದೆ ಹೊಡೆದುಕೊಂಡು ಆಂಧ್ರದ ಕಡೆ ಹೋದರು. ಕಾವಲು ಸಂಕ್ರಾಂತಿಗೇ ಬೆಳ್ಳಗಾಯಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಸುತ್ತ ಏಳೂರಿನಲ್ಲಿ ಮೇವು ಇದ್ದದ್ದು ಬೋಳುಗುಡ್ಡದ ಮೇಲೆ ಮಾತ್ರ. ಹೋದ ವರ್ಷದ ಕರಡ, ಒಣಗಿದ್ದು, ಚಿನ್ನದ ಬಣ್ಣದ್ದು, ಗಾಳಿಗೆ ಬಾಗಿ ಏಳುತ್ತಿತ್ತು.

ಗಿಡಗಳನ್ನು ಉಳಿಸಿಕೊಳ್ಳಲು ನಾವು ಹೆಂಗಸರು ಹಳೇ ಮಡಕೆಗಳ ತಳಕ್ಕೆ ತೂತು ಕೊರೆದು, ಬಟ್ಟೆಯ ಬತ್ತಿ ತುರುಕಿ, ಕಬ್ಬಿಣ ಸೋಕಿಸದೆ ಮರದ ಗೂಟದಲ್ಲೇ ಕೆದಕಿ ಒಂದೊಂದು ಗಿಡದ ಬುಡಕ್ಕೆ ಹೂತಿದ್ದೆವು. ಟ್ಯಾಂಕರ್ ಬಂದ ದಿನ ಮನೆಯ ಪಾಲಿನ ನೀರಿನಲ್ಲೇ ಒಂದು ಕೊಡ ಮಿಗಿಸಿ, ಬರಿಗಾಲಲ್ಲಿ ಗುಡ್ಡ ಹತ್ತಿ ಆ ಮಡಕೆಗಳಿಗೆ ತುಂಬುತ್ತಿದ್ದೆವು. ಬರಿಗಾಲಿಗೆ ಆಣೆಯ ಅಡ್ಡಿ ಇರಲಿಲ್ಲ. ಹೀಗೆ ಗುಡ್ಡಕ್ಕೆ ಊರಿನ ನೀರು ಹತ್ತುತ್ತಿತ್ತು. ಗುಡ್ಡದಿಂದ ಊರಿಗೆ ಒಂದು ಕಡ್ಡಿ ಹುಲ್ಲು ಇಳಿಯುವಂತಿರಲಿಲ್ಲ.

ಸಂಜೆ ನೀರು ಹಾಕಿ ಇಳಿಯುವಾಗ ನೋಡುತ್ತಿದ್ದೆವು. ಗಡಿಕಲ್ಲಿನ ಈಚೆ ದೇವರ ದನಗಳು ಸಾಲಾಗಿ ನಿಂತಿರುತ್ತಿದ್ದವು. ಗುಡ್ಡದ ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಮೂತಿ ಎತ್ತುತ್ತಿದ್ದವು. ಮೂಳೆಯ ಮೇಲೆ ತೊಗಲು ಹೊದ್ದಿಸಿದ ಹಾಗೆ. ಓಬಣ್ಣ ಗುಡ್ಡಕ್ಕೆ ಬೆನ್ನು ಹಾಕಿ, ಅವುಗಳ ಮುಂದೆ ಕೋಲು ಅಡ್ಡ ಹಿಡಿದು ನಿಂತಿರುತ್ತಿದ್ದ. ಅವನೂ ಅವುಗಳ ಹಾಗೇ ಆಗಿದ್ದ. ಈ ಕರಡ ಹುಲ್ಲಿನ ವಾಸನೆ ನನ್ನ ಮೂಗಿನಲ್ಲಿ ಕೂತದ್ದು ಆಗಲೇ. ಸಿಹಿ ವಾಸನೆ. ಅದರ ನಡುವೆ ಹಸಿದ ದನ.

ಮೊದಲು ಒಂದು ಮುದಿ ಹಸು ಬಿತ್ತು. ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಕರ್ಪೂರ ಬೆಳಗಿ ಮಣ್ಣು ಮಾಡಿದರು. ಅದಾದ ಮೇಲೆ ಒಂದು ಹೋರಿ. ಅದಾದ ಮೇಲೆ ಹೊಸ ಬಟ್ಟೆ ಸಿಗಲಿಲ್ಲ, ಅರಿಶಿನದಲ್ಲಿ ಅದ್ದಿದ ಹಳೇ ಪಂಚೆ ಹೊದಿಸಿದರು. ಸರ್ಕಾರದ ಗೋಶಾಲೆಗೆ ಹೊಡಿ ಎಂದರೆ ಓಬಣ್ಣ ಒಪ್ಪಲಿಲ್ಲ. ಗಂಟೆ ಕೇಳಿಸದ ಕಡೆಗೆ ಅವು ಹೋಗುವುದಿಲ್ಲ. ನನ್ನ ಅಣ್ಣ ಚಳ್ಳಕೆರೆಯಿಂದ ಎರಡು ಸಲ ಶೇಂಗಾ ಬಳ್ಳಿಯನ್ನೂ ಒಂದಷ್ಟು ಹಿಂಡಿಯನ್ನೂ ಲಗೇಜು ಆಟೋದಲ್ಲಿ ಕಳಿಸಿದ. ಅಷ್ಟಾದರೂ ಬಂತಲ್ಲ ಎಂದು ಶಿವನಿಗೆ ಕೈ ಮುಗಿದೆ. ಎರಡು ದಿನ ಕೂಡ ಬರಲಿಲ್ಲ ಅದು.

ಗುಡಿಯ ಜಗಲಿಯಲ್ಲಿ ಮತ್ತೆ ಸಭೆ ಸೇರಿತು. ಮೇಷ್ಟ್ರು ಬಂದಿದ್ದರು. ದನ ಒಳಗೆ ಬಿಟ್ಟರೆ ಎರಡು ವರ್ಷದ ಗಿಡ ತುಳಿದು ಹೋಗುತ್ತವೆ, ಆದರೆ ಹುಲ್ಲು ಕೊಯ್ದು ಹಾಕಿದರೆ ಗಿಡಕ್ಕೂ ಒಳ್ಳೆಯದೇ, ಬೆಂಕಿಯ ಭಯ ತಪ್ಪುತ್ತದೆ ಎಂದರು.

ನಮ್ಮ ಯಜಮಾನರು ಆಗ ಸಮಿತಿಯಲ್ಲಿದ್ದರು. "ಮೇಷ್ಟ್ರು ಹೇಳೋದು ಸರಿ ಐತೆ. ಕೊಯ್ಯಾಣ" ಎಂದರು.

"ಯಾರು ಕೊಯ್ಯೋದು?" ಊರ ಗೌಡರು ಕೇಳಿದರು. "ನೀವು ಕೊಯ್ತೀರೇನ್ರಿ?"

ಯಜಮಾನರು ತಲೆ ತಗ್ಗಿಸಿದರು. ಮನೆಯಲ್ಲಿ ನಮ್ಮ ಹಿರಿಮಗನಿಗೆ ಟೈಫಾಯ್ಡ್ ಜ್ವರ ಬಿಟ್ಟು ಇನ್ನೂ ವಾರವಾಗಿರಲಿಲ್ಲ.

ಊರ ಹಿರಿಯರು ಆಗಲೇ ಬೇರೊಂದು ಮಠದ ಸ್ವಾಮಿಗಳನ್ನು ಕೇಳಿಕೊಂಡು ಬಂದಿದ್ದರು. ಇನ್ನೊಬ್ಬರು ಕಟ್ಟಿದ್ದನ್ನು ನಾನು ಬಿಚ್ಚಲಾರೆ, ಅವರು ಶಿವನಲ್ಲಿ ಸೇರಿದ್ದಾರೆ, ಶಿವನನ್ನೇ ಕೇಳಿ ಎಂದಿದ್ದರಂತೆ. ಓಬಣ್ಣನನ್ನು ಕೇಳಿದರು. ಅವನು ನೆಲ ನೋಡುತ್ತಲೇ ಹೇಳಿದ. "ನಾನು ಕಲ್ಲು ಮುಟ್ಟೀನಿ. ದೇವರ ದನಕ್ಕೆ ದೇವರ ಆಣೆ ಮುರಿದ ಮೇವು ಹಾಕಲ್ಲ."

"ಲೇ ಓಬಾ, ದನ ಸಾಯ್ತಾವಲ್ಲೋ!"

"ಸಾಯ್ತಾವೆ."

ಆಗ ಕಂಬದ ಹಿಂದಿನಿಂದ ಪಾಲಕ್ಕನ ದನಿ ಬಂತು. ಈ ಸಲ ನಗು ಇರಲಿಲ್ಲ. "ಇಷ್ಟ್ ಜನ ಮೀಸೆ ಹೊತ್ಕಂಡು ಕುಂತೀರಿ. ಒಬ್ರಿಗೂ ಒಂದು ಕುಡುಗೋಲು ಹಿಡಿಯಾಕಾಗಲ್ಲ. ಸತ್ತೋದ ಅಯ್ನೋರೇ ಎದ್ದು ಬರ್ಬೇಕೇನು?"

ಗೌಡರು ಹೆಗಲ ಟವಲು ಕೊಡವಿ ಎದ್ದರು. ಸಭೆ ಹಾಗೇ ಕರಗಿತು.

ಮರುದಿನ ಬೆಳಿಗ್ಗೆ ಟ್ಯಾಂಕರಿನ ಹತ್ತಿರ ಸುದ್ದಿ ಹಬ್ಬಿತು. ಪಾಲಕ್ಕ ತಮ್ಮನ ಮನೆ ಬಿಟ್ಟಿದ್ದಾಳೆ. ಒಂದು ಗಡಿಗೆ, ಒಂದು ತಣಿಗೆ, ಒಂದು ಕಂಬಳಿ, ಒಂದು ಎಣ್ಣೆ ದೀಪ ತೆಗೆದುಕೊಂಡು ಹೋಗಿ, ಖಾಲಿ ಬಿದ್ದಿದ್ದ ಅಯ್ಯನವರ ಮಠದ ಜಗಲಿಯಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದ್ದಾಳೆ. ಅಕ್ಕ ತಮ್ಮ ಜಗಳ ಆಡಿದ್ದಾರೆ ಎಂದರು ಕೆಲವರು. ನಾನು ಕೊಡವನ್ನು ಸಾಲಿನಲ್ಲೇ ಬಿಟ್ಟು ಮಠಕ್ಕೆ ಹೋದೆ. ಪಾಲಕ್ಕ ಹೊಸ ಒಲೆಯ ಮೇಲೆ ಗಂಜಿ ಇಟ್ಟುಕೊಂಡು ಕುಡುಗೋಲು ಮಸೆಯುತ್ತಿದ್ದಳು.

"ಇದೇನು ಪಾಲಕ್ಕ?"

"ಅಯ್ನೋರು ಏನಂದ್ರು? ಮೀರಿದೋರ ಒಲೆ ತಣ್ಣಗಾಗ್ಲಿ, ದೀಪ ಆರ್ಲಿ ಅಂದ್ರು. ತಮ್ಮನ ಮನೇಲಿ ಇದ್ಕಂಡು ಮೀರಿದ್ರೆ ಅವನ ಒಲೆ, ಅವನ ದೀಪ. ಅವನಿಗೆ ಹೆಂಡ್ರು ಮಕ್ಳು ಅದಾರೆ. ಅದ್ಕೆ ಒಲೆ ಬೇರೆ ಮಾಡ್ಕಂಡೆ. ಈಗ ಮುರಿದ್ರೆ ಈ ಮೂರು ಕಲ್ಲು ತಣ್ಣಗಾಗ್ತಾವೆ. ಆಗ್ಲಿ ಬಿಡು."

"ನೀನು ಬೇಡ್ವಾ ನಮಗೆ?"

ಅವಳು ಕುಡುಗೋಲಿನ ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದಳು. "ಗಂಡ ಇಲ್ಲ, ಮಕ್ಳಿಲ್ಲ. ದೇವುಡು ನನ್ನ ದೀಪ ಯಾವತ್ತೋ ಆರಿಸವ್ನೆ ಗಿರಿಜವ್ವ. ಇನ್ನೊಂದ್ಸಲ ಆರಿಸಾಕೆ ಏನೈತೆ ಅವನ ಕೈಯಾಗೆ?" ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಏನ್ ಹಂಗ್ ನೋಡ್ತೀಯಾ, ಗಂಜಿ ಉಕ್ಕುತೈತೆ, ಇಳಿಸು. ಅಲ್ಲ, ಬ್ಯಾಡ ಬ್ಯಾಡ! ನನ್ನ ಒಲೆ ಮುಟ್ಟಬ್ಯಾಡ. ನಿನ್ನ ಮನೇಲಿ ದೀಪ ಐತೆ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಗಂಜಿ ಉಕ್ಕಿ ಒಲೆಗೆ ಬಿದ್ದು ಚುರ್ ಎಂದಿತು.

ಅವಳು ಬಚ್ಚಲಿಲ್ಲದ ಆ ಮಠದ ಹಿಂದೆ ಒಂದು ಚೊಂಬು ನೀರಿನಲ್ಲೇ ಮೈ ತೊಳೆದುಕೊಂಡು, ಒದ್ದೆ ತಲೆಯಲ್ಲೇ, ನಡುಹಗಲಲ್ಲಿ, ಎಲ್ಲರೂ ನೋಡುವ ಹಾಗೆ ಬೀದಿಯಲ್ಲೇ ಗುಡ್ಡಕ್ಕೆ ನಡೆದಳು. ಕದ್ದು ಹೋಗಲಿಲ್ಲ. ಬಾಗಿಲು ಬಾಗಿಲಿನಲ್ಲಿ ಜನ ನಿಂತಿದ್ದರು. ಗಡಿಕಲ್ಲಿನ ಹತ್ತಿರ ಬಗ್ಗಿ ಕೈ ಮುಗಿದು, ಅದೇ ಕೈಯಲ್ಲಿ ಕುಡುಗೋಲು ಹಿಡಿದು ಮೇಲೆ ಹತ್ತಿದಳು.

ಗಿಡಗಳ ಸುತ್ತ ಒಂದು ಮೊಳ ಬಿಟ್ಟು ಕೊಯ್ಯುತ್ತಿದ್ದಳು. ಸಾಯಂಕಾಲಕ್ಕೆ ಒಂದು ದೊಡ್ಡ ಹೊರೆ ಇಳಿಸಿ ಗಡಿಕಲ್ಲಿನ ಈಚೆಗೆ ಕೆಡವಿದಳು. ಓಬಣ್ಣ ಎಂದಿನಂತೆ ಗುಡ್ಡಕ್ಕೆ ಬೆನ್ನು ಹಾಕಿ, ಕೋಲು ಹಿಡಿದು ದನಗಳ ಮುಂದೆ ನಿಂತಿದ್ದ. ಹೊರೆ ಬಿದ್ದ ಸದ್ದಿಗೂ ತಿರುಗಲಿಲ್ಲ.

"ತಮ್ಮಾ, ನೀನು ಹಾಕಬ್ಯಾಡ. ನಾನೂ ಹಾಕಾಕಿಲ್ಲ. ಇಲ್ಲಿ ಬಿದ್ದೈತೆ ಅಷ್ಟೆ" ಎಂದು ಹೇಳಿ ಪಾಲಕ್ಕ ಹಿಂದೆ ನೋಡದೆ ಮಠದ ಕಡೆ ನಡೆದಳು.

ನಾವು ಕೊಡ ಹೊತ್ತವರು ಅಲ್ಲೇ ಕಲ್ಲಾಗಿ ನಿಂತಿದ್ದೆವು. ಓಬಣ್ಣ ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನಿಧಾನಕ್ಕೆ ತಿರುಗಿದ. ಅಷ್ಟು ದಿನ ಗುಡ್ಡಕ್ಕೆ ಬೆನ್ನು ಹಾಕಿದ್ದವನು ಈಗ ದನಗಳಿಗೆ ಬೆನ್ನು ಹಾಕಿ, ಗುಡ್ಡ ನೋಡುತ್ತಾ ನಿಂತ. ಕೋಲು ನೆಲಕ್ಕೆ ಜಾರಿತು. ದನಗಳು ಅವನ ಎರಡೂ ಪಕ್ಕದಿಂದ ಹಾದು ಹೊರೆಯ ಹತ್ತಿರ ಹೋದವು. ಅವು ಹುಲ್ಲು ಅಗಿಯುವ ಸದ್ದು ಕೇಳಿಸಿಕೊಂಡು ಅವನ ಬೆನ್ನು ಅಲುಗುತ್ತಿತ್ತು.

ಹೀಗೇ ಆ ಬೇಸಿಗೆ ಕಳೆಯಿತು. ದಿನಾ ಹೊರೆ ಬೀಳುತ್ತಿತ್ತು, ದಿನಾ ಅವನು ಬೆನ್ನು ತಿರುಗಿಸುತ್ತಿದ್ದ. ತೀರಾ ಸೊರಗಿದ್ದ ಮೂರು ನಾಲ್ಕು ದನ ಆಮೇಲೂ ಬಿದ್ದವು. ಉಳಿದವು ಉಳಿದವು.

ಊರು ಪಾಲಕ್ಕನಿಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಟ್ಯಾಂಕರಿನ ಸಾಲಿನಲ್ಲಿ ಅವಳು ಬಂದರೆ ಹೆಂಗಸರು ಎರಡು ಹೆಜ್ಜೆ ಸರಿಯುತ್ತಿದ್ದರು, ಅಷ್ಟೆ. ಅಂಗಡಿಯವನು ಸಾಮಾನನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಿದ್ದ. ಬೆಂಕಿ ಕೇಳಿದರೆ ಯಾರೂ ಕೊಡುತ್ತಿರಲಿಲ್ಲ, ಕೊಟ್ಟ ಒಲೆಗೂ ಆಣೆ ತಾಗೀತೆಂದು. ಬೆಳಗಿನ ಹೊತ್ತು ಅವಳ ಮುಖ ಎದುರಾದರೆ ಬಸ್ಸಿಗೆ ಹೊರಟವರು ವಾಪಸ್ಸು ಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದರು. ಅವಳು ಉಳಿಸಿದ ದನಗಳ ಸಗಣಿಯಲ್ಲಿ ಅಂಗಳ ಸಾರಿಸಿಕೊಳ್ಳುತ್ತಿದ್ದವರೂ ಹಾಗೆಯೇ.

ನಾನು ಸೋಮವಾರ ಸೋಮವಾರ ಹೋಗುತ್ತಿದ್ದೆ. ಅತ್ತೆಗೆ ಹೇಳಿಯೇ ಹೋಗುತ್ತಿದ್ದೆ. ಅವರು ಬೇಡ ಅನ್ನುತ್ತಿರಲಿಲ್ಲ, ಹೋಗು ಅನ್ನುತ್ತಲೂ ಇರಲಿಲ್ಲ, ನಾನು ಬಂದ ಮೇಲೆ ಬಾಗಿಲಿಗೆ ಒಂದು ಚೊಂಬು ನೀರು ಚೆಲ್ಲುತ್ತಿದ್ದರು. ಬೆಂಕಿಪೊಟ್ಟಣ, ಎರಡು ಜೋಳದ ರೊಟ್ಟಿ, ಒಂದಷ್ಟು ಶೇಂಗಾ ಚಟ್ನಿ. ಪಾಲಕ್ಕ ಪ್ರತಿ ಸಲವೂ ಕೇಳುತ್ತಿದ್ದಳು. "ಬರೋ ಮುಂಚೆ ಮನೆ ದೀಪಕ್ಕೆ ಎಣ್ಣೆ ಹಾಕಿ ಬಂದೀಯಾ ತಾನೆ? ಆರಿದ್ರೆ ನನ್ನ ಮೇಲೆ ಹಾಕೀಯ ಮತ್ತೆ."

ಮುಂದಿನ ಆರಿದ್ರದಲ್ಲಿ ಮಳೆ ಬಂತು. ಕಾವಲು ಹಸಿರಾಯಿತು, ದನಗಳು ಅತ್ತ ಹೋದವು. ಓಬಣ್ಣ ಒಂದು ದಿನ ಮಠಕ್ಕೆ ಬಂದ. ನಾನೂ ಅಲ್ಲೇ ಇದ್ದೆ. ಜಗಲಿಯ ಕೆಳಗೆ ನಿಂತು, "ಬಾರಕ್ಕ ಮನೆಗೆ" ಎಂದ. ಅಷ್ಟೇ ಎಂದ.

"ಬರಾಕಾಗಲ್ಲ ಕಣೋ. ಬಂದ್ರೆ ನಂದೂ ನಿಂದೂ ಒಲೆ ಒಂದಾಗ್ತೈತೆ. ಆಣೆ ನಿನ್ನ ಮನೆಗೆ ಬರ್ತೈತೆ."

"ಬರ್ಲಿ."

"ಮಕ್ಕಳೊಂದಿಗನ ಬಾಯಲ್ಲಿ ಬರೋ ಮಾತಾ ಇದು? ಹೋಗು, ದನ ಮಳೆಗೆ ನೆನೀತಾವೆ."

ಅವನು ಹೋಗಲಿಲ್ಲ. ಮಳೆಯಲ್ಲೇ ನಿಂತಿದ್ದ. ಅವಳು ಒಳಗೆ ಹೋಗಿ ಕದ ಹಾಕಿಕೊಂಡ ಮೇಲೆ ಹೋದ.

ಮಠದ ಚಾವಣಿ ಸೋರುತ್ತಿತ್ತು. ಆ ಚಳಿಗಾಲ ಪಾಲಕ್ಕನಿಗೆ ಕೆಮ್ಮು ಹತ್ತಿತು. ನಾನೂ ಯಜಮಾನರೂ ಮೊಳಕಾಲ್ಮೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆವು. ಡಾಕ್ಟರು ಮಾತ್ರೆ ಕೊಟ್ಟು, ಚೆನ್ನಾಗಿ ಊಟ ಮಾಡಬೇಕು, ಬೆಚ್ಚಗಿರಬೇಕು ಎಂದರು. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯಿಂದ ಗುಡ್ಡ ನೋಡಿ, "ಕಮರ ನನ್ನ ಎತ್ತರ ಆಗೈತೆ ನೋಡು" ಎಂದಳು. ಮಾಘ ಬರುವ ಮುಂಚೆ ಹೋಗಿಬಿಟ್ಟಳು. ಬೆಳಿಗ್ಗೆ ಹಾಲು ತೆಗೆದುಕೊಂಡು ಹೋದ ನಾನೇ ಮೊದಲು ನೋಡಿದ್ದು. ಒಲೆಯ ಬೂದಿ ತಣ್ಣಗಿತ್ತು. ದೀಪದ ಬತ್ತಿ ಕರಿಕಾಗಿತ್ತು.

"ನೋಡಿದ್ರಾ, ಒಲೆ ತಣ್ಣಗಾಯ್ತು, ದೀಪ ಆರ್ತು" ಎಂದಿತು ಊರು. ಎಲ್ಲರೂ ಒಂದೇ ಮಾತು, ಒಂದೇ ಉಸಿರು. ಸಮಾಧಾನದ ಉಸಿರೂ ಇತ್ತು ಅದರಲ್ಲಿ. ಆಣೆ ತನ್ನ ಪಾಲು ತೆಗೆದುಕೊಂಡಿತು, ಇನ್ನು ನಮಗೆ ಭಯವಿಲ್ಲ ಎಂಬ ಹಾಗೆ. ನನಗೆ ಶಿವನ ಮೇಲೆ ನಂಬಿಕೆ ಇದೆ, ಆಗಲೂ ಇತ್ತು, ಈಗಲೂ ಇದೆ. ಅದಕ್ಕೇ ಹೇಳುತ್ತೇನೆ, ಸೋರುವ ಮಾಡಿನ ಕೆಳಗೆ ಒಂಟಿಯಾಗಿ ಕೆಮ್ಮಿದ ಹೆಂಗಸಿನ ದೀಪ ಆರಿಸಲು ಶಿವ ಬೇಕಾಗಿಲ್ಲ. ಊರು ಸಾಕು.

ಓಬಣ್ಣ ಅವಳನ್ನು ಗಡಿಕಲ್ಲಿನ ಹತ್ತಿರ, ದೇವರ ದನಗಳನ್ನು ಮಣ್ಣು ಮಾಡಿದ ಸಾಲಿನಲ್ಲೇ ಮಣ್ಣು ಮಾಡಿದ. ಆಮೇಲೆ ಒಂದೆರಡು ವರ್ಷ ದನ ಕಾದ. ಅವನೂ ಹೋದ ಮೇಲೆ ಕಿಲಾರಿಯಾಗಲು ಹಟ್ಟಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಉಳಿದ ದನಗಳನ್ನು ಬೇರೆ ಹಟ್ಟಿಯವರು ತಮ್ಮ ದೇವರ ದನಗಳ ಜೊತೆ ಸೇರಿಸಿಕೊಂಡರಂತೆ. ಅಲ್ಲಿಗೆ ಈ ಗುಡಿಯ ಗಂಟೆ ಕೇಳಿಸುವುದಿಲ್ಲ.

ಮೊನ್ನೆ ನಾನು ಗಡಿಕಲ್ಲಿನ ಹತ್ತಿರ ನಿಂತಿದ್ದಾಗ ಅದಕ್ಕೆ ಹೊಸ ಅರಿಶಿನ ದಾರ ಕಟ್ಟಿತ್ತು. ಕಾಲೇಜಿನ ಮಕ್ಕಳು ಫೋಟೊ ತೆಗೆದುಕೊಂಡು ಮೇಲೆ ಹತ್ತಿದ್ದರು. ಸಮಿತಿಯ ಯುವಕ ನನ್ನನ್ನು ಯಾರೋ ಭಕ್ತೆ ಎಂದುಕೊಂಡು ಹತ್ತಿರ ಬಂದ.

"ಪ್ರತಿ ವರ್ಷ ಹೊಸದು ಕಟ್ತೀವಮ್ಮ. ಸೋಮವಾರ ಪೂಜೆ ಐತೆ."

"ಯಾರು ಕಟ್ತೀರಪ್ಪ?"

"ಈ ಸಲ ನಾನೇ ಕಟ್ಟಿದ್ದು."

"ಬಿಚ್ಚೋರು ಯಾರು ಅಂತ ಗೊತ್ತು ಮಾಡ್ಕೊಂಡಿದೀಯಾ? ಒಬ್ಬರಲ್ಲ, ನಾಲ್ಕು ಜನಕ್ಕೆ ಹೇಳಿಡು."

ಅವನು ನಕ್ಕ. ಒಳ್ಳೆಯ ನಗು, ಹುಡುಗಾಟದ್ದಲ್ಲ. "ಬಿಚ್ಚಿ ಏನ್ಮಾಡೋದಮ್ಮ? ಮೇಯಾಕೆ ಊರಾಗೆ ದನ ಎಲ್ಲಿದಾವೆ?"

ಕ್ರಾಸಿನಲ್ಲಿ ಬಸ್ಸು ಹಾರನ್ ಮಾಡಿತು. ಕಲ್ಲಿನ ಪಕ್ಕದ ನೆಲದಲ್ಲಿ ಏನೂ ಗುರುತಿಲ್ಲ, ಕರಡ ಮುಚ್ಚಿಬಿಟ್ಟಿದೆ. ಅವಳು ಮಲಗಿರುವ ಜಾಗ ಇದೇ ಇರಬೇಕು ಎಂದುಕೊಂಡ ಕಡೆ ಬಗ್ಗಿ, ಹುಲ್ಲಿನ ಮೇಲೆ ಕೈ ಆಡಿಸಿ ಬಂದೆ.

ಈಗ ನಮ್ಮ ಮನೆಯ ದೇವರ ಗೂಡಿನಲ್ಲಿ ದಿನಾ ಸಂಜೆ ಎರಡು ದೀಪ ಹಚ್ಚುತ್ತೇನೆ. ಹಿರಿಮಗ ಚೆನ್ನಾಗಿದ್ದಾನೆ, ಯಜಮಾನರು ಕೋಲು ಊರಿಕೊಂಡಾದರೂ ನಡೆಯುತ್ತಾರೆ, ನಮ್ಮ ದೀಪ ಆರಿಲ್ಲ. ಎರಡನೆಯದಕ್ಕೆ ಒಂದು ಚಮಚ ಎಣ್ಣೆ ಹೆಚ್ಚು ಹಾಕುತ್ತೇನೆ. ಪಾಲಕ್ಕನ ಮನೆಯಲ್ಲಿ ಬತ್ತಿ ಮುಂದಕ್ಕೆ ಸರಿಸುವವರು ಯಾರೂ ಇಲ್ಲ.